ಡಿ.ವಿ.ಜಿ. ಪ್ರತಿಮೆಯಿಂದ ಗುಂಡಿಯ ಮೊಸಳೆಯವರೆಗೆ: ಒಂದು ಹೊರಾಂಗಣ ಪಾಠದ ಅನುಭವ

ಬೋಧನಾಭ್ಯಾಸದ ಅವಧಿಯಲ್ಲಿ ಎಂಟನೇ ತರಗತಿಗೆ ‘ನಮ್ಮ ಬಡಾವಣೆಯ ಸಾರ್ವಜನಿಕ ಕಲೆ’ ಎಂಬ ಚಟುವಟಿಕೆಯನ್ನು ಆಯ್ದುಕೊಂಡೆ. ಶಾಲೆಯಿಂದ ಬಸವನಗುಡಿಯ ಕಹಳೆ ಬಂಡೆ ಉದ್ಯಾನಕ್ಕೆ ನಡೆದೇ ಹೋಗಬಹುದು. ಎರಡು ಅವಧಿ ಉದ್ಯಾನದಲ್ಲಿ, ಒಂದು ಅವಧಿ ತರಗತಿಯಲ್ಲಿ ಎಂದು ಪಾಠಯೋಜನೆ ಮಾಡಿಕೊಂಡೆ.

ಉದ್ದೇಶಗಳು
1. ಉದ್ಯಾನದ ಕಲಾಕೃತಿಗಳನ್ನು ಗಮನಿಸಿ ವಿವರಿಸುವುದು.
2. ಅವು ಯಾರಿಗಾಗಿ, ಏಕೆ ಅಲ್ಲಿವೆ ಎಂದು ಯೋಚಿಸುವುದು.
3. ತಮ್ಮ ಬೀದಿಗೆ ಒಂದು ಕಲಾಕೃತಿಯನ್ನು ಕಲ್ಪಿಸಿ ಚಿತ್ರಿಸುವುದು.

ಅನ್ವೇಷಣೆ
ಮೊದಲ ತಪ್ಪು ಇಲ್ಲೇ ಆಯಿತು. ಡಿ.ವಿ.ಜಿ. ಪ್ರತಿಮೆಯ ಮುಂದೆ ಮಕ್ಕಳನ್ನು ನಿಲ್ಲಿಸಿ, ಅವರು 1887ರಲ್ಲಿ ಹುಟ್ಟಿದ್ದು, 1945ರಲ್ಲಿ ಗೋಖಲೆ ಸಾರ್ವಜನಿಕ ವಿಚಾರ ಸಂಸ್ಥೆ ಕಟ್ಟಿದ್ದು ಎಲ್ಲವನ್ನೂ ಹತ್ತು ನಿಮಿಷ ಹೇಳಿದೆ. ಮಕ್ಕಳೆಲ್ಲ ಮರದಲ್ಲಿ ತಲೆಕೆಳಗಾಗಿ ನೇತಾಡುತ್ತಿದ್ದ ಬಾವಲಿಗಳನ್ನು ನೋಡುತ್ತಿದ್ದರು. ಕೊನೆಗೆ ಒಬ್ಬಳು ಕೇಳಿದಳು: “ಮಿಸ್, ಇವರನ್ನ ಇಲ್ಲೇ ಯಾಕೆ ಇಟ್ಟಿದಾರೆ?” ನನ್ನ ಎರಡನೇ ಉದ್ದೇಶವೇ ಅದು. ಮಾತು ನಿಲ್ಲಿಸಿ ಗುಂಪು ಮಾಡಿ ಕಳುಹಿಸಿದೆ. ನೀರಿನ ತೊಟ್ಟಿಯ ಗೋಡೆಯ ಮೇಲಿನ ಸಾಹಿತಿಗಳನ್ನು ಒಂದು ಗುಂಪು ಗುರುತಿಸಿತು. ಸುಮಾರು 300 ಕೋಟಿ ವರ್ಷ ಹಳೆಯ ಬಂಡೆಯನ್ನು ಮುಟ್ಟಿ ನೋಡಿದ ಇನ್ನೊಂದು ಗುಂಪು, “ಇದನ್ನ ಯಾರೂ ಮಾಡಿಲ್ಲ, ಇದು ಕಲೆಯಾ?” ಎಂದು ವಾದಕ್ಕಿಳಿಯಿತು.

ವಿಸ್ತರಣೆ
ತರಗತಿಯಲ್ಲಿ ಕಲಾವಿದ ಬಾದಲ್ ನಂಜುಂಡಸ್ವಾಮಿ ಅವರ ಕೃತಿಯ ಚಿತ್ರ ತೋರಿಸಿದೆ. 2015ರಲ್ಲಿ ಅವರು ಸುಲ್ತಾನ್‌ಪಾಳ್ಯದ ರಸ್ತೆಗುಂಡಿಯೊಂದನ್ನು ಕೊಳವಾಗಿಸಿ ಅದರಲ್ಲಿ ಮೊಸಳೆಯೊಂದನ್ನು ಇಟ್ಟಿದ್ದರು. ಸುದ್ದಿ ಹರಡಿದ ಮೇಲೆ ಗುಂಡಿ ಮುಚ್ಚಲಾಯಿತು. ಮಕ್ಕಳು ನಕ್ಕರು. “ನಿಮ್ಮ ಬೀದಿಯಲ್ಲಿ ನೀವು ಏನು ಇಡುತ್ತೀರಿ?” ಎಂದು ಕೇಳಿ ಹಾಳೆ ಕೊಟ್ಟೆ.

ಡೈನೋಸಾರ್, ಆಟೊ ಓಡಿಸುವ ಆನೆ, ಕಸದ ರಾಶಿಯ ಮೇಲೆ ಕಿರೀಟ ಎಲ್ಲವೂ ಬಂದವು. ಅಲ್ಲಿಯವರೆಗೆ ಒಂದು ಹಾಳೆಯನ್ನೂ ಕೊಡದಿದ್ದ ಹುಡುಗನೊಬ್ಬ ಪೆನ್ಸಿಲ್‌ನಲ್ಲಿ ತೆರೆದ ಮೋರಿ ಮತ್ತು ಅದರ ಪಕ್ಕದಲ್ಲಿ ಒಂದೇ ಒಂದು ಚಪ್ಪಲಿ ಬರೆದಿದ್ದ. “ಬಣ್ಣ ಹಾಕು” ಎಂದೆ. “ಬೇಡ ಮಿಸ್. ನನ್ನ ತಮ್ಮ ಬಿದ್ದಾಗ ಇಷ್ಟೇ ಮೇಲಿದ್ದಿದ್ದು” ಎಂದ. ಮಳೆಗಾಲದಲ್ಲಿ ಬಿದ್ದು ಕೈ ಮುರಿದುಕೊಂಡಿದ್ದ ತಮ್ಮ ಈಗ ಚೆನ್ನಾಗಿದ್ದಾನಂತೆ. ಮೋರಿಯ ಮೇಲೆ ಇನ್ನೂ ಹಲಗೆ ಬಿದ್ದಿಲ್ಲ.

ಮೌಲ್ಯಮಾಪನ
ನನ್ನ ಅಂಕಪಟ್ಟಿಯಲ್ಲಿ ಬಣ್ಣಗಾರಿಕೆ, ಅಚ್ಚುಕಟ್ಟು, ವಿವರಣೆ ಎಂಬ ಮೂರು ಮಾನಕಗಳಿದ್ದವು. ಅದರ ಪ್ರಕಾರ ಈ ಚಿತ್ರಕ್ಕೆ ಹತ್ತಕ್ಕೆ ನಾಲ್ಕು. ಅಂಕ ಬರೆಯಲು ಕೈ ಬರಲಿಲ್ಲ. ಮಾರ್ಗದರ್ಶಕ ಉಪನ್ಯಾಸಕರು, “ಮಾನಕ ಉದ್ದೇಶದಿಂದ ಹುಟ್ಟಬೇಕು, ಅಲ್ಲವೇನಮ್ಮಾ?” ಎಂದಷ್ಟೇ ಕೇಳಿದರು. ‘ಸ್ಥಳಕ್ಕೂ ಕೃತಿಗೂ ಇರುವ ಸಂಬಂಧ’, ‘ನೋಡುವವರಿಗೆ ಹೇಳುವ ಮಾತು’ ಎಂಬ ಮಾನಕಗಳನ್ನು ಸೇರಿಸಿ ಎಲ್ಲರ ಚಿತ್ರಗಳನ್ನೂ ಮತ್ತೆ ನೋಡಿದೆ.

ಮುಂದಿನ ಬಾರಿಗೆ
ಸಹಪಾಠಿಗಳಿಗೆ ಮೂರು ಸಲಹೆಗಳು. ಪ್ರತಿಮೆಯ ಮುಂದೆ ಉಪನ್ಯಾಸ ಬೇಡ. ಪ್ರಶ್ನೆ ಮಕ್ಕಳಿಂದ ಬರಲಿ. ಮಾನಕಗಳನ್ನು ಹೊರಡುವ ಮೊದಲೇ ಉದ್ದೇಶಗಳೊಂದಿಗೆ ಹೊಂದಿಸಿ ನೋಡಿ. ಮಗು ನಿಜವಾದ ಅಪಾಯವೊಂದನ್ನು ಚಿತ್ರಿಸಿದರೆ ಅದನ್ನು ಗೋಡೆಗೆ ಅಂಟಿಸಿ ಮುಗಿಸಬೇಡಿ. ನಾವು ಆ ಚಿತ್ರದ ಪ್ರತಿಯೊಂದಿಗೆ ವಾರ್ಡ್ ಕಚೇರಿಗೆ ಮನವಿ ಬರೆದೆವು. ಒಕ್ಕಣೆ ಮಕ್ಕಳದ್ದೇ, ಮೊದಲ ಸಹಿ ಆ ಹುಡುಗನದ್ದು.