ಮನೆಯ ಔಷಧ ಡಬ್ಬಿ: ತಾರೀಖು ನೋಡಿದರಷ್ಟೇ ಸಾಲದು

ಹೆಚ್ಚಿನ ಮನೆಗಳಲ್ಲಿ ಔಷಧಕ್ಕೆಂದೇ ಒಂದು ಡಬ್ಬಿ ಇರುತ್ತದೆ. ಅರ್ಧ ಉಳಿದ ಸಿರಪ್, ನಾಲ್ಕೈದು ಮಾತ್ರೆಗಳು, ಯಾವಾಗಲೋ ತಂದ ಕಣ್ಣಿನ ಡ್ರಾಪ್ಸ್. ರಾತ್ರಿ ಹೊತ್ತು ಮಗುವಿಗೆ ಜ್ವರ ಬಂದರೆ ಮೊದಲು ಕೈ ಹೋಗುವುದು ಅಲ್ಲಿಗೇ. ಆಗ ನಾವು ನೋಡುವುದು ‘ಎಕ್ಸ್‌ಪೈರಿ’ ತಾರೀಖು ಮಾತ್ರ.

ತಾರೀಖಿನ ಅರ್ಥ

ತಿಂಗಳು ಮತ್ತು ವರ್ಷವನ್ನಷ್ಟೇ ಮುದ್ರಿಸಿದ್ದರೆ ಆ ತಿಂಗಳ ಕೊನೆಯ ದಿನದವರೆಗೆ ಔಷಧ ಬಳಸಬಹುದು. ಆದರೆ ಈ ಭರವಸೆ ಸೀಲು ಒಡೆಯದ, ಲೇಬಲ್ಲಿನಲ್ಲಿ ಹೇಳಿದಂತೆ ಇಟ್ಟ ಔಷಧಕ್ಕೆ ಮಾತ್ರ. ಸೀಸೆ ತೆರೆದ ದಿನದಿಂದ ಬೇರೆಯೇ ಲೆಕ್ಕ ಶುರುವಾಗುತ್ತದೆ.

ತೆರೆದ ಮೇಲೆ ಎಷ್ಟು ದಿನ?

* ಕಣ್ಣಿನ ಡ್ರಾಪ್ಸ್: ಸಾಮಾನ್ಯವಾಗಿ ಒಂದು ತಿಂಗಳು. ಸೀಸೆಯ ತುದಿ ರೆಪ್ಪೆಗೆ, ಬೆರಳಿಗೆ ತಗುಲಿ ರೋಗಾಣುಗಳು ಒಳಸೇರುತ್ತವೆ.
* ನೀರು ಬೆರೆಸುವ ಆಂಟಿಬಯೋಟಿಕ್ ಪುಡಿ: ಹಲವಕ್ಕೆ ಏಳೇ ದಿನ. ಉಳಿದದ್ದನ್ನು ಮುಂದಿನ ಜ್ವರಕ್ಕೆಂದು ಎತ್ತಿಡಬೇಡಿ.
* ಓ.ಆರ್.ಎಸ್. ನೀರು: 24 ಗಂಟೆ.
* ಇನ್ಸುಲಿನ್: ತೆರೆದ ಸೀಸೆ ಹೆಚ್ಚಾಗಿ ನಾಲ್ಕು ವಾರ. ತೆರೆಯದಿರುವುದನ್ನು ಫ್ರಿಜ್‌ನಲ್ಲಿಡಿ, ಫ್ರೀಜರ್‌ನಲ್ಲಿ ಬೇಡ.

ಲೇಬಲ್ಲಿನಲ್ಲಿ ಬೇರೆ ಅವಧಿ ಹೇಳಿದ್ದರೆ ಅದನ್ನೇ ಪಾಲಿಸಿ.

ಕೆಟ್ಟಿರುವ ಗುರುತುಗಳು

ಆಸ್ಪಿರಿನ್ ಮಾತ್ರೆ ವಿನಿಗರ್‌ನಂತೆ ಹುಳಿ ವಾಸನೆ ಬೀರಿದರೆ ಅದು ತೇವ ತಗುಲಿ ಒಡೆಯುತ್ತಿದೆ ಎಂದೇ ಅರ್ಥ. ಬಣ್ಣಗೆಟ್ಟ ಅಥವಾ ಪುಡಿಯಾಗುವ ಮಾತ್ರೆ, ಒಂದಕ್ಕೊಂದು ಅಂಟಿದ ಕ್ಯಾಪ್ಸೂಲು, ನೀರು ಬಿಟ್ಟುಕೊಂಡ ಮುಲಾಮು ಇವನ್ನೂ ಬಳಸಬಾರದು. ಆದರೆ ನೋಡಲು ಚೆನ್ನಾಗಿದೆ ಎಂದ ಮಾತ್ರಕ್ಕೆ ಔಷಧ ಸರಿಯಾಗಿದೆ ಎನ್ನಲಾಗದು. ಶಕ್ತಿ ಕುಂದಿರುವುದು ಕಣ್ಣಿಗೆ ಕಾಣುವುದಿಲ್ಲ.

ಅಪಾಯವೇನು?

ಹೆಚ್ಚಿನ ಔಷಧಗಳು ಹಳೆಯದಾದರೆ ವಿಷವಾಗುವುದಿಲ್ಲ, ಶಕ್ತಿ ಕಳೆದುಕೊಳ್ಳುತ್ತವೆ. ಅಪಾಯ ಇರುವುದೂ ಅಲ್ಲಿಯೇ. ಎದೆನೋವು ಬಂದಾಗ ನಾಲಗೆಯಡಿ ಇಡುವ ಮಾತ್ರೆ ಆ ಗಳಿಗೆಯಲ್ಲಿ ಕೆಲಸ ಮಾಡದೆ ಹೋಗಬಹುದು. ಆಂಟಿಬಯೋಟಿಕ್ ಸೋಂಕನ್ನು ಪೂರ್ತಿ ತಗ್ಗಿಸದೆ ಹೋಗಬಹುದು. ವಿಷವಾದ ಉದಾಹರಣೆಯೂ ಉಂಟು: ಕೆಟ್ಟ ಟೆಟ್ರಾಸೈಕ್ಲಿನ್ ಸೇವಿಸಿದ ರೋಗಿಗಳ ಮೂತ್ರಪಿಂಡಕ್ಕೆ ಧಕ್ಕೆಯಾದುದನ್ನು 1963ರಲ್ಲಿ ಅಮೆರಿಕದ ವೈದ್ಯರು ವರದಿ ಮಾಡಿದ್ದರು.

ನೀವು ಮಾಡಬೇಕಾದುದು

ಸೀಸೆ ತೆರೆದ ದಿನವೇ ತಾರೀಖನ್ನು ಪೆನ್ನಿನಿಂದ ಅದರ ಮೇಲೆ ಬರೆಯಿರಿ. ಮಾತ್ರೆಯ ಹಾಳೆಯಲ್ಲಿ ತಾರೀಖು ಇಲ್ಲದ ತುದಿಯಿಂದ ಕತ್ತರಿಸುತ್ತಾ ಬನ್ನಿ. ಡಬ್ಬಿಯನ್ನು ಬಚ್ಚಲುಮನೆಯಲ್ಲಾಗಲಿ, ಒಲೆಯ ಬಳಿಯಾಗಲಿ, ಬಿಸಿಯಾಗುವ ಫ್ರಿಜ್‌ನ ಮೇಲಾಗಲಿ ಇಡಬೇಡಿ. ಮಕ್ಕಳ ಕೈಗೆ ಸಿಗದ, ತಂಪಾದ ಒಣಜಾಗ ಸಾಕು.

ಯುಗಾದಿಗೆ, ದೀಪಾವಳಿಗೆ ಮನೆ ಗುಡಿಸಿ ಸಾರಿಸುವಾಗ ಈ ಡಬ್ಬಿಯನ್ನೂ ಒಮ್ಮೆ ಬರಿದು ಮಾಡಿ ನೋಡಿ. ಅವಧಿ ಮುಗಿದ ಮಾತ್ರೆಗಳನ್ನು ಹಾಳೆಯಿಂದ ತೆಗೆದು, ಬಳಸಿದ ಕಾಫಿ ಚರಟದೊಂದಿಗೆ ಬೆರೆಸಿ, ಕಟ್ಟಿ ಕಸಕ್ಕೆ ಹಾಕಿ. ಯಾವುದಾದರೂ ಔಷಧದ ಬಗ್ಗೆ ಅನುಮಾನವಿದ್ದರೆ ನುಂಗುವ ಮೊದಲೇ ವೈದ್ಯರನ್ನೋ ಔಷಧ ಅಂಗಡಿಯವರನ್ನೋ ಕೇಳಿ.