ಗಡಿ ದಾಟುವ ಪಗಾರ, ಊರಲ್ಲೇ ಉಳಿಯುವ ಪಗಾರ

ಬೆಳಗಾವಿ ಜಿಲ್ಲೆಯ ಖಾನಾಪುರದ ಕಡೆ ಫೌಜಿನಿಂದ ನಿವೃತ್ತರಾದವರಿಗೆ ಬರುವುದೂ ಪಗಾರ, ವೃದ್ಧರಿಗೆ ರಾಜ್ಯ ಕೊಡುವ ಸಂಧ್ಯಾ ಸುರಕ್ಷಾದ ಹಣವೂ ಪಗಾರ. ಬಾಯಿಮಾತಿನಲ್ಲಿ ಒಂದೇ ಆದ ಇವೆರಡು ಕಾನೂನಿನ ಕಣ್ಣಿಗೆ ಬೇರೆ ಬೇರೆ. ಮಕ್ಕಳಿರುವ ದುಬೈಗೋ ಅಮೆರಿಕಕ್ಕೋ ಹೋಗಿ ನೆಲೆಸುವವರು ಈ ಭೇದವನ್ನು ಮೊದಲೇ ತಿಳಿದಿರಬೇಕು. ಇಲ್ಲದಿದ್ದರೆ ಹಕ್ಕಿನ ಹಣವನ್ನು ಸುಮ್ಮನೆ ಕೈಬಿಡುವುದೂ ಉಂಟು, ಸಲ್ಲದ ಹಣ ಪಡೆದು ವಸೂಲಿ ನೋಟಿಸು ತರಿಸಿಕೊಳ್ಳುವುದೂ ಉಂಟು. ದುಡಿಮೆಯಿಂದ ಬಂದ ಪಿಂಚಣಿ ಮನುಷ್ಯನ ಹಿಂದೆ ಹೋಗುತ್ತದೆ. ನೆರವಿನ ಮಾಸಾಶನ ಊರಿನ ವಾಸಕ್ಕೆ ಅಂಟಿಕೊಂಡಿರುತ್ತದೆ.

ಪಿಂಚಣಿ ಸರ್ಕಾರದ ಕೃಪೆಯಲ್ಲ, ಹಕ್ಕು ಎಂದು ಸುಪ್ರೀಂ ಕೋರ್ಟ್ 1971ರಲ್ಲಿ ದೇವಕಿನಂದನ ಪ್ರಸಾದ್ ಪ್ರಕರಣದಲ್ಲೇ ಹೇಳಿತು. 1982ರ ಡಿಸೆಂಬರ್ 17ರ ನಕಾರಾ ತೀರ್ಪು ಅದನ್ನೇ ಗಟ್ಟಿಮಾಡಿತು. ಪಿಂಚಣಿದಾರರ ದಿನ ಆ ತಾರೀಕಿಗೆ ಬೀಳುವುದು ಅದಕ್ಕೇ. 2013ರಲ್ಲಿ ಜಾರ್ಖಂಡ್ ಸರ್ಕಾರದ ಪ್ರಕರಣದಲ್ಲಿ ಪಿಂಚಣಿಯನ್ನು ಸಂವಿಧಾನದ 300ಎ ವಿಧಿಯ ಆಸ್ತಿಯೆಂದೇ ನ್ಯಾಯಾಲಯ ಪರಿಗಣಿಸಿತು. ವೃದ್ಧಾಪ್ಯ ಮತ್ತು ಅಂಗವಿಕಲ ಮಾಸಾಶನದ ಬೇರು 41ನೇ ವಿಧಿಯಲ್ಲಿದೆ: ರಾಜ್ಯ ತನ್ನ ಶಕ್ತಿಯ ಮಿತಿಯಲ್ಲಿ ಅಸಹಾಯಕರಿಗೆ ನೆರವಾಗಬೇಕೆಂಬ ನಿರ್ದೇಶಕ ತತ್ವ. ಈ ಮಾಸಾಶನಕ್ಕೆ ಆದಾಯದ ಮಿತಿಯೂ ಕರ್ನಾಟಕದ ವಾಸವೂ ಷರತ್ತು. ವಿದೇಶದ ಮಾತಿರಲಿ, ಖಾನಾಪುರದವರು ಗೋವಾಕ್ಕೆ ಹೋಗಿ ನೆಲೆಸಿದರೂ ನಾಡಕಚೇರಿಗೆ ತಿಳಿಸುವುದು ಕ್ಷೇಮ.

ವಿದೇಶದಲ್ಲಿ ಖರ್ಚಾಗುವ ಹಣವನ್ನು ನಮ್ಮ ಖಜಾನೆ ಏಕೆ ಕೊಡಬೇಕು ಎಂದು ಕೇಳುವವರಿದ್ದಾರೆ. ದುಡಿದಾತ ಸಂಬಳವನ್ನು ಎಲ್ಲಿ ಖರ್ಚು ಮಾಡುತ್ತಾನೆಂದು ಯಾರೂ ಕೇಳುವುದಿಲ್ಲ. ಪಿಂಚಣಿ ಮುಂದೂಡಿದ ಸಂಬಳವಾದರೆ ಅದಕ್ಕೂ ಅದೇ ನ್ಯಾಯ. ಹಾಗಾದರೆ ವರ್ಷಾವರ್ಷ ಜೀವಂತವಾಗಿದ್ದೇನೆಂದು ಸಾಬೀತುಪಡಿಸುವ ಅವಮಾನ ಏಕೆ ಎಂಬ ಆಕ್ಷೇಪಕ್ಕೆ ಮಾತ್ರ ಹುರುಳಿದೆ. ಆದರೂ ಸತ್ತವರ ಖಾತೆಗೆ ಹಣ ಬೀಳದಂತೆ ತಡೆಯಲು ಏನಾದರೊಂದು ಗುರುತು ಬೇಕೇ ಬೇಕು. ಪ್ರಶ್ನೆಯಿರುವುದು ಅದಕ್ಕಾಗಿ ಎಂಬತ್ತು ದಾಟಿದವರನ್ನು ವಿಮಾನ ಹತ್ತಿಸಬೇಕೇ ಎಂಬುದರಲ್ಲಿ. ಹತ್ತಿಸಬೇಕಿಲ್ಲ. ಕೇಂದ್ರದ ಪಿಂಚಣಿದಾರರು ವಿದೇಶದಲ್ಲಿದ್ದರೆ ಭಾರತೀಯ ರಾಯಭಾರ ಕಚೇರಿಯ ಅಧಿಕಾರಿ, ಮ್ಯಾಜಿಸ್ಟ್ರೇಟ್, ನೋಟರಿ ಅಥವಾ ಬ್ಯಾಂಕ್ ಅಧಿಕಾರಿ ಸಹಿ ಮಾಡಿದ ಜೀವಿತ ಪ್ರಮಾಣಪತ್ರವನ್ನು ಅಧಿಕೃತ ಪ್ರತಿನಿಧಿಯ ಮೂಲಕ ಸಲ್ಲಿಸಿ ಖುದ್ದು ಹಾಜರಿಯಿಂದ ವಿನಾಯಿತಿ ಪಡೆಯಬಹುದು. ಅದರ ಕಾಲ ನವೆಂಬರ್. ಎಂಬತ್ತು ತುಂಬಿದವರಿಗೆ ಅಕ್ಟೋಬರ್ 1ರಿಂದಲೇ. ಆಧಾರ್ ಆಧಾರಿತ ಡಿಜಿಟಲ್ ಪ್ರಮಾಣಪತ್ರ ಜೀವನ್ ಪ್ರಮಾಣ್ 2014ರ ನವೆಂಬರಿನಲ್ಲಿ ಬಂತು, ಮುಖ ಗುರುತಿಸುವ ವಿಧಾನ 2021ರಲ್ಲಿ. ಪತ್ರ ತಡವಾಗಿ ಪಿಂಚಣಿ ನಿಂತರೂ ಹಕ್ಕು ಸಾಯುವುದಿಲ್ಲ. ಪತ್ರ ಕೊಟ್ಟ ಮೇಲೆ ಬಾಕಿಯೂ ಬರುತ್ತದೆ.

ತಡ ಮಾಡಬಾರದ ಸಂಗತಿ ಬೇರೆಯಿದೆ. ಮಂಜೂರಾಗದ ಅಂಗವೈಕಲ್ಯ ಪಿಂಚಣಿಗಾಗಿ ಹೋರಾಡುವುದಿದ್ದರೆ 2008ರ ತರ್ಸೇಮ್ ಸಿಂಗ್ ತೀರ್ಪನ್ನು ನೆನಪಿಡಬೇಕು. 1983ರಲ್ಲಿ ಅನಾರೋಗ್ಯದಿಂದ ಸೇನೆ ಬಿಟ್ಟ ಆ ಯೋಧ 1999ರಲ್ಲಿ ಹೈಕೋರ್ಟಿಗೆ ಹೋದರು. ಹಕ್ಕು ಉಳಿಯಿತು, ಆದರೆ ಬಾಕಿ ಹಣ ಅರ್ಜಿ ಹಾಕಿದ ದಿನಕ್ಕಿಂತ ಹಿಂದಿನ ಸುಮಾರು ಮೂರು ವರ್ಷಗಳಿಗೆ ಸೀಮಿತವಾಯಿತು. ದೂರದ ದೇಶದಲ್ಲಿ ಕುಳಿತು ‘ಊರಿಗೆ ಹೋದಾಗ ನೋಡೋಣ’ ಎನ್ನುವವರು ಕಳೆದುಕೊಳ್ಳುವುದು ಅದಕ್ಕೂ ಹಿಂದಿನ ಬಾಕಿಯನ್ನೇ.

ಹಣ ಇಲ್ಲಿನ ಖಾತೆಗೇ ಜಮೆಯಾಗುತ್ತದೆ. ಅನಿವಾಸಿಯಾದ ಮೇಲೆ ಹಳೆಯ ಉಳಿತಾಯ ಖಾತೆಯನ್ನು ಎನ್‌ಆರ್‌ಒ ಖಾತೆಯಾಗಿ ಬದಲಿಸಿಕೊಳ್ಳಬೇಕು. ವಿದೇಶಿ ವಿನಿಮಯದ ಫೆಮಾ ನಿಯಮದಲ್ಲಿ ಪಿಂಚಣಿ ಚಾಲ್ತಿ ಆದಾಯ, ತೆರಿಗೆ ಕಳೆದು ಉಳಿದದ್ದನ್ನು ಹೊರದೇಶಕ್ಕೆ ಕಳುಹಿಸಲು ಅಡ್ಡಿಯಿಲ್ಲ. ಅಲ್ಲಿನ ಪೌರತ್ವ ಪಡೆಯುವ ಆಲೋಚನೆಯಿದ್ದರೆ ಪಿಂಚಣಿ ಮಂಜೂರು ಮಾಡಿದ ಕಚೇರಿಗೆ ಮೊದಲೇ ಬರೆದು ಲಿಖಿತ ಉತ್ತರ ತರಿಸಿಕೊಳ್ಳಬೇಕು. ಇವೆಲ್ಲಕ್ಕಿಂತ ಹೆಚ್ಚು ಕಾಡುವುದು ಹೆಸರು. ಪಿಂಚಣಿ ಆದೇಶದಲ್ಲಿ ‘ರಾಮಾ’, ಆಧಾರಿನಲ್ಲಿ ‘ರಾಮಪ್ಪ’, ಪಾಸ್‌ಪೋರ್ಟಿನಲ್ಲಿ ಅಡ್ಡಹೆಸರು ಮುಂದೆ: ಈ ಮೂರು ಕಾಗದ ಒಬ್ಬನದೇ ಎಂದು ರಾಯಭಾರ ಕಚೇರಿಯ ಕಿಟಕಿಯಲ್ಲಿ ಯಾರೂ ಸಾಕ್ಷಿ ಹೇಳಲಾರರು. ಮರಾಠಾ ಲೈಟ್ ಇನ್‌ಫೆಂಟ್ರಿಯ ಮಾಜಿ ಸೈನಿಕರಿಗೆ ಅವರ ದಾಖಲೆ ಕಚೇರಿ ಬೆಳಗಾವಿಯಲ್ಲೇ ಇದೆ. ಸೈನಿಕ ಕಲ್ಯಾಣ ಇಲಾಖೆಯ ಜಿಲ್ಲಾ ಕಚೇರಿಯೂ ಅಲ್ಲೇ. ಖಾನಾಪುರದಿಂದ ಒಂದು ಬಸ್ಸಿನ ದಾರಿ. ವೀಸಾ ಅರ್ಜಿಗೂ ಮೊದಲು ಆ ಬಸ್ಸು ಹತ್ತಬೇಕು.