ಅಡಿಕೆ ಹಾಳೆ ತಟ್ಟೆಯ ಮೇಲ್ಮೈ ದೋಷಗಳು: ಕಾರಣ ಮತ್ತು ಪರಿಹಾರ

ಚನ್ನಗಿರಿ, ಹೊನ್ನಾಳಿ ಮತ್ತು ನ್ಯಾಮತಿ ತಾಲ್ಲೂಕುಗಳ ಅಡಿಕೆ ಬೆಳೆಗಾರರಿಗೆ ಹಾಳೆ ಹೊಸ ವಸ್ತುವಲ್ಲ. 9 ಅಡಿ ಅಂತರದಲ್ಲಿ ನೆಟ್ಟ ಒಂದು ಎಕರೆ ತೋಟದಲ್ಲಿ ಸುಮಾರು 530 ಮರಗಳಿರುತ್ತವೆ. ಮರವೊಂದು ವರ್ಷಕ್ಕೆ ಐದು ಸೋಗೆ ಉದುರಿಸಿದರೂ 2,600ಕ್ಕೂ ಹೆಚ್ಚು ಹಾಳೆಗಳು ಸಿಗುತ್ತವೆ. 2022ರ ಜುಲೈ 1ರಿಂದ ದೇಶದಲ್ಲಿ ಒಮ್ಮೆ ಬಳಸಿ ಎಸೆಯುವ ಪ್ಲಾಸ್ಟಿಕ್ ತಟ್ಟೆ, ಲೋಟಗಳನ್ನು ನಿಷೇಧಿಸಲಾಗಿದೆ. ಆದ್ದರಿಂದ ಮದುವೆ, ಜಾತ್ರೆಗಳಿಗೆ ಹಾಳೆ ತಟ್ಟೆ ಒದಗಿಸುವ ಅವಕಾಶ ಬೆಳೆಗಾರರಿಗಿದೆ. ಆದರೆ ಕೊಳ್ಳುವವನು ಮೊದಲು ನೋಡುವುದು ತಟ್ಟೆಯ ಮುಖವನ್ನು. ಕಲೆ, ಗುಳ್ಳೆ, ಬಿರುಕು ಕಂಡರೆ ಮಾಲು ಹಿಂದಕ್ಕೆ ಬರುತ್ತದೆ. ಪಟ್ಟ ಶ್ರಮ, ಉರಿಸಿದ ವಿದ್ಯುತ್ತು ಎರಡೂ ನಷ್ಟ.

ದೋಷ ಕಂಡ ಕೂಡಲೇ ಯಂತ್ರದ ಕಾವನ್ನು ಏರಿಸುವುದು ಅಥವಾ ಇಳಿಸುವುದು ಹಲವರ ರೂಢಿ. ಇದು ಸರಿಯಲ್ಲ. ಹೆಚ್ಚಿನ ದೋಷಗಳ ಮೂಲ ಹಾಳೆಯಲ್ಲಿರುವ ನೀರಿನ ಪ್ರಮಾಣ. ಮೊದಲು ನೆನೆಹಾಕುವ ತೊಟ್ಟಿಯನ್ನೂ ಒಣಗಿಸುವ ಕಣವನ್ನೂ ಪರೀಕ್ಷಿಸಿ. ಆಮೇಲೆ ಯಂತ್ರದ ಕಡೆಗೆ ಬನ್ನಿ.

ನೀರಿನ ಪಾತ್ರವೇನು?

ಹಾಳೆಯ ನಾರುಗಳನ್ನು ಒಂದಕ್ಕೊಂದು ಅಂಟಿಸಿರುವ ಲಿಗ್ನಿನ್ ಮುಂತಾದ ವಸ್ತುಗಳು ತೇವ ಮತ್ತು ಕಾವು ಕೂಡಿದಾಗ ಮೆದುವಾಗುತ್ತವೆ. ಆಗ ಒತ್ತಿದರೆ ಹಾಳೆ ಅಚ್ಚಿನ ಆಕಾರಕ್ಕೆ ಬಾಗುತ್ತದೆ. ತೇವ ಆರಿ ತಣಿದ ಮೇಲೆ ಆ ಆಕಾರವೇ ನಿಲ್ಲುತ್ತದೆ. ನೀರು ಕಡಿಮೆಯಾದರೆ ನಾರು ಮುರಿಯುತ್ತದೆ. ಹೆಚ್ಚಾದರೆ ಉಗಿಯಾಗಿ ಒಳಗೇ ಸಿಕ್ಕಿಕೊಂಡು ಮೇಲ್ಪದರವನ್ನು ಎಬ್ಬಿಸುತ್ತದೆ. ಪಾರದರ್ಶಕ ಪ್ಲಾಸ್ಟಿಕ್ ಹಾಳೆಯನ್ನು ಕಾಯಿಸಿ ಆಕಾರ ಕೊಡುವ ಕಾರ್ಖಾನೆಗಳಲ್ಲಿಯೂ ಇದೇ ತೊಂದರೆಯುಂಟು: ಪ್ಲಾಸ್ಟಿಕ್ ಹೀರಿಕೊಂಡ ತೇವವೇ ಗುಳ್ಳೆಯಾಗಿ ಕಾಣುವುದರಿಂದ ಅವರು ಹಾಳೆಯನ್ನು ಮೊದಲು ಒಣಗಿಸುತ್ತಾರೆ. ಅಡಿಕೆ ಹಾಳೆಗೆ ತೇವ ಬೇಕು, ಆದರೆ ಅಳತೆಯಲ್ಲಿ ಬೇಕು.

ದೋಷಗಳು ಮತ್ತು ಪರಿಹಾರ

1. ಬಿರುಕು: ಅಂಚಿನಲ್ಲಿ, ಅದರಲ್ಲೂ ಆಳವಾದ ಬಟ್ಟಲುಗಳಲ್ಲಿ ಹೆಚ್ಚು. ಹಾಳೆ ಸಾಕಷ್ಟು ನೆನೆದಿಲ್ಲ ಅಥವಾ ತೀರ ಹಳೆಯದಾಗಿ ಗರಿಗರಿಯಾಗಿದೆ ಎಂದು ತಿಳಿಯಿರಿ. ನೆನೆಸಿದ ಹಾಳೆಯನ್ನು ಒದ್ದೆ ಗೋಣಿಚೀಲದಡಿ ಸ್ವಲ್ಪ ಹೊತ್ತಿಟ್ಟರೆ ತೇವ ಎಲ್ಲೆಡೆ ಸಮನಾಗುತ್ತದೆ. ಅಚ್ಚನ್ನು ನಿಧಾನವಾಗಿ ಇಳಿಸಿ. ತೆಳು ಅಂಚಿನ ಭಾಗದಿಂದ ಆಳದ ಬಟ್ಟಲು ಮಾಡಬೇಡಿ.

2. ಗುಳ್ಳೆ, ಪದರ ಬಿಡುವುದು: ಮೇಲ್ಮೈಯಲ್ಲಿ ನೀರು ನಿಂತಿರುವುದೇ ಕಾರಣ. ನೆನೆಸಿದ ಹಾಳೆಯನ್ನು ನಿಲ್ಲಿಸಿ ನೀರು ಬಸಿದು, ಬಟ್ಟೆಯಿಂದ ಒರೆಸಿ. ಒತ್ತುವಾಗ ನಡುವೆ ಒಮ್ಮೆ ಅಚ್ಚನ್ನು ತುಸು ಎತ್ತಿ ಉಗಿ ಹೊರಬಿಡಿ.

3. ಕಂದು, ಕಪ್ಪು ಕಲೆ: ಪ್ರತಿ ತಟ್ಟೆಯಲ್ಲಿಯೂ ಒಂದೇ ಜಾಗದಲ್ಲಿ ಕಲೆ ಬಿದ್ದರೆ ತಪ್ಪು ಅಚ್ಚಿನದು. ಅಚ್ಚಿಗೆ ಕಸ ಅಂಟಿರಬಹುದು ಅಥವಾ ಕಾವು ಒಂದೆಡೆ ಹೆಚ್ಚಿರಬಹುದು. ಕಲೆ ಜಾಗ ಬದಲಿಸುತ್ತಿದ್ದರೆ ತಪ್ಪು ಹಾಳೆಯದು. ಅದು ತೋಟದಲ್ಲಿ ಮಳೆಗೆ ಸಿಕ್ಕಿ ಕೊಳೆಯತೊಡಗಿತ್ತು. ಅಚ್ಚನ್ನು ಶುಚಿಮಾಡುವ ಮುನ್ನ ವಿದ್ಯುತ್ ಸಂಪರ್ಕ ತಪ್ಪಿಸಿ, ತಣಿಯಲು ಬಿಡಿ.

4. ಗೀರು, ಚುಚ್ಚಿದ ಗುರುತು: ಮರಳಿನ ಕಣ ಉಳಿದಿದೆ. ಹಾಳೆಯನ್ನು ಹರಿಯುವ ನೀರಿನಲ್ಲಿ ಬ್ರಷ್ಷಿನಿಂದ ನಾರಿನ ಉದ್ದಕ್ಕೆ ಉಜ್ಜಿ ತೊಳೆಯಿರಿ. ತೊಟ್ಟಿಯ ನೀರನ್ನು ದಿನವೂ ಬದಲಿಸಿ.

5. ಸೊಟ್ಟಗಾಗುವುದು: ತಟ್ಟೆಯನ್ನು ಬೇಗ ತೆಗೆಯಲಾಗಿದೆ. ತಣಿಯುವವರೆಗೆ ಮೇಲೆ ಸಮನಾದ ಭಾರವಿಡಿ.

6. ಕೆಲವು ದಿನಗಳ ಅನಂತರ ಬೂಷ್ಟು: ಬಿಸಿ ಆರುವ ಮೊದಲೇ ಪ್ಲಾಸ್ಟಿಕ್ ಚೀಲದಲ್ಲಿ ಕಟ್ಟಿದ್ದರ ಫಲ. ಗಾಳಿಯಾಡುವ ಜಾಲರಿಯ ಮೇಲೆ ಪೂರ್ತಿ ಒಣಗಿಸಿ ಕಟ್ಟಿ. ಬೂಷ್ಟು ಹಿಡಿದ ತಟ್ಟೆಯನ್ನು ಒರೆಸಿ ಅಥವಾ ಗಂಧಕದ ಹೊಗೆ ಕೊಟ್ಟು ಮಾರಲೇಬಾರದು. ಗೊಬ್ಬರದ ಗುಂಡಿಗೆ ಹಾಕಿ.

ಬೋರ್ಡೋ ದ್ರಾವಣದ ನೀಲಿ ಕಲೆ ಇರುವ ಹಾಳೆಯನ್ನೂ ತಟ್ಟೆಗೆ ಬಳಸಕೂಡದು. ತುತ್ತದ ಅಂಶ ಊಟಕ್ಕೆ ಸೇರುವಂಥದ್ದಲ್ಲ.

ನಿಮ್ಮ ಊರಿಗೆ ತಕ್ಕ ಅಳತೆ

ನೆನೆಸುವ ಅವಧಿ ಎಲ್ಲೆಡೆ ಒಂದೇ ಅಲ್ಲ. ಜಗಳೂರಿನ ಒಣ ಹವೆಯಲ್ಲಿ ದಾಸ್ತಾನು ಮಾಡಿದ ಹಾಳೆ ಬೇಗ ಗರಿಗರಿಯಾಗುತ್ತದೆ. ಮಳೆಗಾಲದಲ್ಲಿ ನ್ಯಾಮತಿ ಕಡೆ ಅದೇ ಹಾಳೆ ಗಾಳಿಯಿಂದಲೇ ತೇವ ಹೀರುತ್ತದೆ. ಆದ್ದರಿಂದ ಒಂದು ಚಿಕ್ಕ ಪ್ರಯೋಗ ಮಾಡಿ. ಒಂದೇ ದಪ್ಪದ ಆರು ಹಾಳೆಗಳನ್ನು ಆರಿಸಿ, ಎರಡೆರಡನ್ನು 10, 20 ಮತ್ತು 30 ನಿಮಿಷ ನೆನೆಸಿ. ಎಲ್ಲಕ್ಕೂ ನೀರು ಬಸಿಯುವ ಹೊತ್ತು, ಕಾವು, ಒತ್ತುವ ಹೊತ್ತು ಒಂದೇ ಇರಲಿ. ತಟ್ಟೆಗಳ ಹಿಂದೆ ಪೆನ್ಸಿಲಿನಿಂದ ನಿಮಿಷಗಳನ್ನು ಬರೆದು ಮೂರು ದಿನ ಬಿಟ್ಟು ನೋಡಿ. ಬಿರುಕೂ ಗುಳ್ಳೆಯೂ ಇಲ್ಲದ ಅವಧಿಯೇ ಆ ದಾಸ್ತಾನಿಗೆ ಸರಿಯಾದದ್ದು. ಅದು ಸಿಕ್ಕಿದ ಮೇಲೆ ಕಾವನ್ನು ಬದಲಿಸಿ ನೋಡಬಹುದು. ಎರಡನ್ನೂ ಒಟ್ಟಿಗೆ ಬದಲಿಸಿದರೆ ಯಾವುದರಿಂದ ಗುಣ ಬಂದಿತೆಂದು ತಿಳಿಯುವುದಿಲ್ಲ. ಹೊಸ ದಾಸ್ತಾನು ಬಂದಾಗ, ಋತು ಬದಲಾದಾಗ ಮತ್ತೆ ಪರೀಕ್ಷಿಸಿ.

ಮಾರಾಟದ ಬಗ್ಗೆ ಒಂದು ಎಚ್ಚರಿಕೆ

ಮೇಲ್ಮೈ ಚೆನ್ನಾಗಿದ್ದ ಮಾತ್ರಕ್ಕೆ ಎಲ್ಲ ಮಾರುಕಟ್ಟೆಯೂ ತೆರೆಯುವುದಿಲ್ಲ. ಅಡಿಕೆಯ ಆಲ್ಕಲಾಯ್ಡುಗಳು ತಟ್ಟೆಯಿಂದ ಆಹಾರಕ್ಕೆ ಸೇರಬಹುದೆಂಬ ಕಾರಣ ನೀಡಿ 2025ರಲ್ಲಿ ಅಮೆರಿಕದ ಆಹಾರ ಮತ್ತು ಔಷಧ ಆಡಳಿತವು ಈ ತಟ್ಟೆಗಳ ಆಮದನ್ನು ತಡೆಯಿತು. ರಫ್ತನ್ನು ನಂಬಿ ಸಾಲ ಮಾಡಿ ಯಂತ್ರ ಕೊಳ್ಳುವ ಮುನ್ನ ಕೊಳ್ಳುವವರನ್ನೂ ತೋಟಗಾರಿಕೆ ಇಲಾಖೆಯನ್ನೂ ವಿಚಾರಿಸಿ.

ಉದುರಿದ ಹಾಳೆಯನ್ನು ಅಂದಂದೇ ಆಯ್ದು, ಬಿಸಿಲಲ್ಲಿ ಒಣಗಿಸಿ, ಮಳೆ ತಾಕದಂತೆ ನೆಲದಿಂದ ಎತ್ತರದಲ್ಲಿ ಜೋಡಿಸಿಡಿ. ಒಳ್ಳೆಯ ತಟ್ಟೆ ತಯಾರಾಗುವುದು ತೋಟದಿಂದಲೇ. ಯಂತ್ರ ಅದಕ್ಕೆ ಆಕಾರ ಕೊಡುತ್ತದೆ, ಅಷ್ಟೆ.